ಮೂರು ಸಾಲು ದುಗ್ಗಮ್ಮ

ಪೆಟ್ಟಿಗೆ ಸಿಕ್ಕಿದ್ದು ನೆಹರೂ ರಸ್ತೆಯಲ್ಲಿ
ಬಾಗಿಲು ಮುಚ್ಚುತ್ತಿದ್ದ ಸೈಬರ್ ಕೆಫೆಯಲ್ಲಿ,
ಚೌಕಾಸಿಯಾಗಿ ಎರಡು ಸಾವಿರದ ಇನ್ನೂರಕ್ಕೆ.
ಒಳಗೆ ಹಿಡಿ ಧೂಳು, ಒಂದು ಒಣ ಜಿರಲೆ,
ಯಾರದೋ ಬಯೋಡೇಟಾ.
ಧೂಳು ಊದಿದೆ.
ಬಯೋಡೇಟಾ ಅಳಿಸಲು ಯಾಕೋ ಒಂದು ದಿನ ತಡೆದೆ.

ಇಟ್ಟಿದ್ದು ಲಸಿಕೆ ಫ್ರಿಜ್ಜಿನ ಪಕ್ಕ,
ಅದರದೇ ಬ್ಯಾಟರಿಗೆ ಜೋತುಬಿದ್ದು.
"ಕರೆಂಟು ಹೋದರೆ ಮೊದಲು ನನ್ನ ಫ್ರಿಜ್ಜು,
ಆಮೇಲೆ ನಿನ್ನ ಡಬ್ಬ" ಅಂದರು ಸಿಲ್ವಿಯಾ ಸಿಸ್ಟರ್.
ಒಪ್ಪಿದೆ.

ಮಂಗನ ಕಾಯಿಲೆಯ ಲೆಕ್ಕಕ್ಕೆ ಅಲ್ಲಿಯವರೆಗೆ
ನಾವು ಐದು ಜನ, ಐದು ಲೆಕ್ಕ.
ಹುಚ್ಚರಾಯನದು ಪೆನ್‌ಡ್ರೈವಿನಲ್ಲಿ, ಕೊರಳಿಗೆ ತಾಯಿತದ ಹಾಗೆ.
ನಸೀಮಾಳದು ಎಕ್ಸೆಲ್, ಬಣ್ಣಬಣ್ಣ;
ಹಳದಿ ಎಂದರೆ ಏನೆಂದು ಅವಳಿಗಷ್ಟೇ ಗೊತ್ತು.
ಕೆರಿಯಪ್ಪನದು ಉದ್ದ ಪುಸ್ತಕ, ಮೂಲೆಯಲ್ಲಿ ಡೇಪಾ ಎಣ್ಣೆಯ ಕಲೆ,
ಪುಟದ ನಡುವೆ ಅಪ್ಪಚ್ಚಿಯಾದ ಒಂದು ಉಣುಗು.
ಕೇಳಿದರೆ "ಸಾಕ್ಷಿ" ಅಂತಾನೆ.
ಸಿಸ್ಟರದು ತಲೆಯಲ್ಲಿ.
ನನ್ನದು, ಈ ನಾಲ್ಕನ್ನೂ ಕೂಡಿಸಿ ಹೆತ್ತ ಐದನೇ ಸುಳ್ಳು.

ಮೊದಲ ಜಗಳ ಅಧಿಕಾರದ್ದು.
ಎಲ್ಲರೂ ಬರೆಯಬಹುದು, ಯಾರೂ ಅಳಿಸುವಂತಿಲ್ಲ ಅಂದೆ.
"ನಾನು ಬರ್ದಿದ್ದು ನಾನೇ ಅಳಿಸಬಾರದಾ ಮಾರಾಯ?"
ಗೀಟು ಎಳೆಯಬಹುದು ಕೆರಿಯಪ್ಪ, ಹಾಳೆ ಹರಿಯೋ ಹಾಗಿಲ್ಲ.
"ಹಂಗಾದ್ರೆ ಇದೂ ಪುಸ್ತಕವೇ ಅಲ್ವಾ?"
ಹೌದು. ಐದು ಜನ ಒಟ್ಟಿಗೆ ಒಂದೇ ಪುಟ ತೆರೆಯಬಹುದು, ಅಷ್ಟೇ.
ಅವನು ಯೋಚಿಸಿದ. "ಎಂಜಲಾಗಲ್ವಾ?" ಅಂದ.

ಐದನ್ನೂ ಒಂದಕ್ಕೆ ಸುರಿದ ರಾತ್ರಿ
ಅರವತ್ತೊಂದು ಸತ್ತ ಮಂಗ ನಲವತ್ತಮೂರಾದವು.
ಹದಿನೆಂಟು, ಎರಡೆರಡು ಸಲ ಸತ್ತಿದ್ದವು:
ಕೆರಿಯಪ್ಪನ ಬೆಳಿಗ್ಗೆ ಒಮ್ಮೆ, ಹುಚ್ಚರಾಯನ ಸಂಜೆ ಒಮ್ಮೆ,
ಅದೇ ಹಳ್ಳ, ಅದೇ ಮತ್ತಿಮರದ ಬುಡ.
ಉಳಿದುಕೊಂಡವಲ್ಲ, ಆದರೂ
ಹದಿನೆಂಟು ಮಂಗ ಎದ್ದು ಕೊಂಬೆಗೆ ಹಾರಿದ ಹಾಗೆ
ಕೋಣೆ ಒಂದು ಗಳಿಗೆ ಹಗುರವಾಯಿತು.

ಆಮೇಲೆ ಸಿಕ್ಕಿದಳು ಕಲ್ಲುಕುಂಬ್ರಿಯ ಮುದುಕಿ.
ದುರ್ಗಮ್ಮ, ಐವತ್ತೈದು: ನಸೀಮಾ.
ದುರುಗಮ್ಮ, ಅರವತ್ತು: ಹುಚ್ಚರಾಯ.
ದುಗ್ಗಮ್ಮ, ವಯಸ್ಸಿನ ಜಾಗದಲ್ಲಿ "ಆಗಿದೆ": ಕೆರಿಯಪ್ಪ.
ಮೂರು ಸಾಲು, ಒಂದೊಂದು ಡೋಸು.
ಒಬ್ಬಳೋ ಮೂವರೋ, ಯಂತ್ರ ನನ್ನನ್ನೇ ಕೇಳಿತು.
ನಾನು ಕೆರಿಯಪ್ಪನನ್ನು ಕೇಳಿದೆ.
ಅವನು ಹೆಲ್ಮೆಟ್ ತಗೊಂಡ.

ಮಾರನೇ ದಿನ ಬಂದವನು ಬೂಟು ಬಿಚ್ಚದೆ ಕೂತ.
ಒಬ್ಬಳೇ. ದರಗು ಗುಡಿಸಲು ದಿನಾ ಕಾಡಿಗೆ ಹೋಗುತ್ತಾಳೆ.
ಒಂದು ಸೂಜಿಯೂ ಮೈಗೆ ತಾಗಿಲ್ಲ.
ಮೂರು ಸಲವೂ ತೋಳು ಕೊಟ್ಟದ್ದು ಸೊಸೆ:
"ಅತ್ತೆಗೆ ಸೂಜಿ ಕಂಡ್ರೆ ನಡುಕ,
ಆಶಾ ಅಕ್ಕನ ಪಟ್ಟಿ ತುಂಬಲಿಲ್ಲ ಅಂದ್ರೆ ಅವಳಿಗೆ ಬೈತಾರೆ, ಪಾಪ."
ಕೆರಿಯಪ್ಪ ಗೋಡೆ ನೋಡಿಕೊಂಡು ಹೇಳಿದ:
"ಅವತ್ತು ಸಿಸ್ಟರ್ ನೋಡಿದ್ದು ತೋಳು,
ನಾನು ನೋಡಿದ್ದು ಪುಸ್ತಕ."
ಸಿಸ್ಟರ್ ಫ್ರಿಜ್ಜಿನ ಬಾಗಿಲು ತೆರೆದು, ಏನೂ ತೆಗೆಯದೆ ಮುಚ್ಚಿದರು.

ಡೋಸಿನ ಮನೆ ಖಾಲಿ ಬಿಟ್ಟರೆ
ತಾನೇ ಸೊನ್ನೆ ತುಂಬಿಕೊಳ್ಳಲಿ ಅಂತ ನಾನೇ ಹಾಕಿದ್ದ ನಿಯಮ.
ಅವತ್ತು ತೆಗೆದೆ.
ಸೊನ್ನೆ ಅಂದರೆ ಜಗಲಿ ಮೇಲೆ ಕೂತು, ಕೇಳಿ,
ಇಲ್ಲ ಅನ್ನಿಸಿಕೊಂಡು ಬಂದದ್ದು.
ಖಾಲಿ ಅಂದರೆ ಯಾರೂ ಹೋಗಿಲ್ಲ.
ಪರದೆಯ ಮೇಲೆ ಸಾವಿರದ ನೂರು ಸೊನ್ನೆ ಉದುರಿ
ಸಾವಿರದ ನೂರು ಖಾಲಿ ಉಳಿಯಿತು.
ನಸೀಮಾ ಹಳದಿ ಬಣ್ಣ ಕೇಳಿದಳು. ಕೊಟ್ಟೆ.

ಮೂರು ಸಾಲಿಗೂ ಗೀಟೆಳೆದು
ಕೆರಿಯಪ್ಪ ಒಂದೇ ಬೆರಳಲ್ಲಿ ನಾಲ್ಕನೆಯದು ಕುಟ್ಟಿದ:
ದುಗ್ಗಿ.
"ಅಮ್ಮ ಅಂತ ನೀವು ಅಂಟಿಸಿದ್ದು, ನನ್ ಹೆಸರು ಇಷ್ಟೇ" ಅಂದಳಂತೆ.
ಡೋಸ್: ಸೊನ್ನೆ.
ಷರಾ: ಬರೋ ಸೋಮವಾರ ನೋಡಾಣ ಅಂದಿದ್ದಾರೆ, ಬೆಲ್ಲದ ಕಾಫಿ ಕೊಟ್ಟರು.

ಕರೆಂಟು ಹೋಯಿತು.
ಸಿಸ್ಟರ್ ನನ್ನ ಕಡೆ ನೋಡಿದರು.
ಉಳಿಸಿದೆಯಾ ಅಂತ ಕೆರಿಯಪ್ಪನನ್ನು ಕೇಳಿ,
ಡಬ್ಬದ ಪ್ಲಗ್ಗನ್ನು ನಾನೇ ಕಿತ್ತೆ.